ರೂಮು ಕಟ್ಟಬ್ಯಾಡ್ರಿ, ಹೊಲದಾಗ ಒಂದು ದಿನ ಕೊಡ್ರಿ



ಈ ಸಲ ಬೆಳಿ ಬಗ್ಗೆ ಅಲ್ಲ, ಹೊಲ ನೋಡಾಕ ಬರೋ ಮಂದಿ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗತೈತಿ, ಸಮಾಧಾನದಿಂದ ಓದ್ರಿ.

ಮಾನ್ವಿ, ದೇವದುರ್ಗ ಕಡೆ ನಾಕು ಮಂದಿ ರೈತರು ಕೂಡಿದಲ್ಲಿ ಈಗ ಫಾರ್ಮ್ ಸ್ಟೇ ಮಾತು ಬರಾಕತ್ತೈತಿ. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇ ವಿಡಿಯೋ ಮೊಬೈಲ್‌ನಾಗ ನೋಡಿ, ನಾವೂ ಹೊಲದಾಗ ಎರಡು ರೂಮು ಹಾಕಿದ್ರ ಹೆಂಗ ಅಂತ ಹುಡುಗರು ಕೇಳ್ತಾರ. ಕೇಳೋದು ತಪ್ಪಲ್ಲ. ಹತ್ತಿ ರೇಟು, ಮೆಣಸಿನಕಾಯಿ ರೇಟು ನಂಬಿ ಕೂತವರಿಗೆ ಇನ್ನೊಂದು ದಾರಿ ಬೇಕು ಅನ್ನಿಸೋದು ಸಹಜ. ಆದ್ರ ನನ್ನ ಅಭಿಪ್ರಾಯ ಸೀದಾ ಹೇಳ್ತೀನಿ: ಸಾಲ ಮಾಡಿ ರೂಮು ಕಟ್ಟಬ್ಯಾಡ್ರಿ. ಬರೋ ಮಂದಿಗೆ ಬೆಳಿಗ್ಗಿಯಿಂದ ಸಂಜೀತನಕ ಹೊಲದಾಗ ಒಂದು ಚಲೋ ದಿನ ಕೊಡ್ರಿ. ನಮ್ಮ ಕಡೆ ನಡಿಯೋದು ಅದು.

ಮೊದಲು ಲೆಕ್ಕ ನೋಡೋಣ. ಸ್ನಾನದ ಮನಿ, ಫ್ಯಾನು, ಮಂಚ ಎಲ್ಲಾ ಸೇರಿ ಎರಡು ರೂಮಿಗೆ 8 ಲಕ್ಷ ಸಾಲ ತಗೊಂಡ್ರಿ ಅನ್ಕೋರಿ. 11 ಪರ್ಸೆಂಟ್ ಬಡ್ಡಿ ಹಿಡಿದ್ರ ವರ್ಷಕ್ಕ 88,000 ರೂಪಾಯಿ ಬಡ್ಡೀನೇ ಆಯ್ತು. ಒಂದು ರೂಮಿಗೆ ರಾತ್ರಿಗೆ 1,500 ಇಟ್ಟು, ಎರಡೂ ರೂಮು ವರ್ಷದಾಗ 30 ರಾತ್ರಿ ತುಂಬಿದ್ರ ಬರೋದು 90,000. ಬಡ್ಡಿ ಹೋಗಿ ಕೈಯಾಗ ಉಳಿಯೋದು 2,000. ಅಸಲು ಎಲ್ಲಿಂದ ಕಟ್ತೀರಿ? ಕರೆಂಟ್ ಬಿಲ್ಲು, ಹಾಸಿಗಿ ತೊಳೆಯೋ ಖರ್ಚು ನಾನು ಇನ್ನೂ ಹಿಡಿದೇ ಇಲ್ಲ.

ಕೊಡಗಿನಾಗ ಬ್ಯಾಸಿಗ್ಯಾಗೂ ತಂಪು, ಬೆಂಗಳೂರು ಮೈಸೂರಿನ ಮಂದಿ ರಜಾ ಸಿಕ್ರ ಸಾಕು ಅಲ್ಲಿಗೆ ಓಡ್ತಾರ. ನಮ್ಮ ರಾಯಚೂರು ಬಿಸಿಲು ನಿಮಗ ಗೊತ್ತೇ ಐತಿ. ಏಪ್ರಿಲ್, ಮೇದಾಗ 40 ಡಿಗ್ರಿ ದಾಟಿ ನಿಂತಿರತೈತಿ. ಆವಾಗ ರೂಮಿಗೆ ಬೀಗ ಹಾಕಿರಬೇಕು, ಬ್ಯಾಂಕಿನ ಕಂತು ಮಾತ್ರ ನಿಲ್ಲಂಗಿಲ್ಲ.

ಹಂಗಾದ್ರ ನಮ್ಮ ಹತ್ರ ಏನೈತಿ? ಎಳ್ಳ ಅಮಾಸಿ ಐತ್ರೀ. ಬಂಡಿ ಕಟ್ಟಿಕೊಂಡು, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಪುಂಡಿಪಲ್ಯ, ಬದ್ನಿಕಾಯಿ ಎಣ್ಣಿಗಾಯಿ ಬುಟ್ಟಿ ತುಂಬಿಸಿಕೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ, ಬೇವಿನ ಗಿಡದ ಬುಡಕ ಕೂತು ಉಂಡು ಬರೋದು. ಬ್ಯಾರೆ ಕಡೆ ಮಂದಿ ಅದಕ್ಕ ಪಿಕ್‌ನಿಕ್ ಅಂತಾರ, ನಾವು ಅಪ್ಪ ಅಜ್ಜನ ಕಾಲದಿಂದ ಮಾಡಾಕತ್ತೀವಿ. ಅದರ ಬೆನ್ನಿಗೇ ಸೀತನಿ ದಿನ ಬರ್ತಾವ. ಹಾಲು ತುಂಬಿದ ಜೋಳದ ತೆನಿ ಕುಳ್ಳಿನ ಕೆಂಡದಾಗ ಸುಟ್ಟು, ತಿಕ್ಕಿ, ಬಿಸಿಬಿಸಿ ಇದ್ದಾಗ ಬೆಲ್ಲ, ಶೇಂಗಾ ಚಟ್ನಿ ಜೋಡಿ ತಿನ್ನೋದು. ಮಹಾರಾಷ್ಟ್ರದಾಗ ಇದಕ್ಕ ಹುರಡಾ ಅಂತಾರ. ಪುಣೆ, ಸೋಲಾಪುರ ಕಡೆ ಚಳಿಗಾಲದಾಗ ಹುರಡಾ ಪಾರ್ಟಿ ಅಂದ್ರ ರೈತರಿಗೆ ಒಂದು ವ್ಯಾಪಾರನೇ ಆಗೈತಿ. ಅದೇ ತೆನಿ, ಅದೇ ಕೆಂಡ. ನಾವು ಬರೇ ನೆಂಟರಿಗೆ ತಿನ್ನಿಸಿ ಕಳಿಸ್ತೀವಿ.

ಯಾರು ಬರ್ತಾರ ಅಂತ ಕೇಳಬಹುದು. ರಾಯಚೂರು ಸಿಟಿ ಮಂದಿ ಬರ್ತಾರ. ಶಕ್ತಿನಗರದ ಕಾಲೋನಿ ಐತಿ, ಹಟ್ಟಿ ಚಿನ್ನದ ಗಣಿ ಐತಿ, ಬ್ಯಾಂಕಿನವರು, ಮಾಸ್ತರರು, ಡಾಕ್ಟರರು ಅದಾರ. ಮಾನ್ವಿ ಆಗಲಿ ದೇವದುರ್ಗ ಆಗಲಿ ರಾಯಚೂರಿಂದ ಸುಮಾರು 50 ಕಿಲೋಮೀಟರ್. ಬೆಳಿಗ್ಗಿ ಬಂದು ಸಂಜಿಗೆ ಮನಿ ಮುಟ್ಟಬಹುದು. ಅವರಿಗೆ ನಮ್ಮ ರೂಮು ಬೇಕಾಗಿಲ್ಲ. ಅವರ ಮಕ್ಕಳು ಹತ್ತಿ ಗಿಡದಾಗ ಹೆಂಗ ಒಡೀತೈತಿ, ತೊಗರಿಕಾಯಿ ಹಸೀದು ಹೆಂಗ ಇರತೈತಿ ಅನ್ನೋದನ್ನ ನೋಡಿಲ್ಲ. ಅದನ್ನ ತೋರಸ್ರಿ.

ಒಂದು ದಿನದ ಲೆಕ್ಕ ಹಿಂಗ ಹಾಕೀನಿ. 20 ಮಂದಿ, ತಲಿಗೆ 400 ರೂಪಾಯಿ, ಒಟ್ಟು 8,000. ರೊಟ್ಟಿ ಬಡಿಯಾಕ, ಅಡಿಗಿ ಮಾಡಾಕ ನಾಕು ಮಂದಿ ಹೆಣ್ಮಕ್ಕಳಿಗೆ 1,600. ಬಂಡಿ ಎತ್ತಿಗೆ 1,000. ಕಿರಾಣಿ, ಕಾಯಿಪಲ್ಯ, ಮಸರಿಗೆ 2,500. ತೆನಿ, ಕುಳ್ಳಿಗೆ 400. ಉಳಿಯೋದು 2,500. ಡಿಸೆಂಬರ್ ಎರಡನೇ ವಾರದಿಂದ ಜನವರಿ ಕೊನಿತನಕ ಆದಿತ್ಯವಾರ, ಸೂಟಿ ಹಿಡಿದು 10 ದಿನ ಸಿಕ್ಕರ 25,000. ದೊಡ್ಡ ರೊಕ್ಕ ಅಲ್ಲ, ಒಪ್ಪತೀನಿ. ಆದ್ರ ಸಾಲ ಇಲ್ಲದ ರೊಕ್ಕ. ಜೊತಿಗೆ ಬಂದವರು ಹೋಗುವಾಗ 5 ಕಿಲೋ ಜೋಳ, 2 ಕಿಲೋ ತೊಗರಿಬ್ಯಾಳಿ, ಖಾರಪುಡಿ ತಗೊಂಡು ಹೋಗ್ತಾರ. ಅಲ್ಲಿ ದಲಾಲಿ ಇಲ್ಲ, ತೂಕದಾಗ ಮೋಸ ಇಲ್ಲ. ಒಮ್ಮಿ ನಂಬಿಕಿ ಬಂದ್ರ ಮುಂದಿನ ವರ್ಷ ಅವರೇ ಫೋನ್ ಮಾಡಿ ತರಿಸಿಕೊಳ್ತಾರ. ನನಗ 25,000ಕ್ಕಿಂತ ಆ ನಂಬಿಕೀನೇ ದೊಡ್ಡದು ಅನ್ನಿಸತೈತಿ.

ಊಟ ಆದ ಮ್ಯಾಲೆ ಎಲ್ಲಿಗೆ ಕರಕೊಂಡು ಹೋಗೋದು? ಹತ್ತು ಜಾಗ ಬ್ಯಾಡ, ಒಂದೇ ಸಾಕು. ದೇವದುರ್ಗದ ಕಡಿಯವರಿಗೆ ಗಬ್ಬೂರು ಐತಿ, ಹಳೇ ಗುಡಿಗಳು, ಶಾಸನದ ಕಲ್ಲುಗಳು ಅದಾವ. ಮಾನ್ವಿ ಊರಾಗ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಗುಡಿ ಐತಿ. ಇಡೀ ದಿನ ಇರೋರು ಬ್ಯಾರೆ ದಿನ ಮಸ್ಕಿಗೆ ಹೋಗಲಿ. ಅಲ್ಲಿ 1915ರಾಗ ಸಿಕ್ಕ ಶಾಸನದಾಗೇ ಅಶೋಕ ಅನ್ನೋ ಹೆಸರು ಮೊದಲು ಓದಾಕ ಸಿಕ್ಕಿದ್ದು. ರಾಯಚೂರಿಗೆ ವಾಪಸ್ ಹೋಗೋರಿಗೆ ಕೋಟಿ ಐತಿ. 1294ರ ಶಾಸನ ಕೆತ್ತಿದ ಸುಮಾರು 41 ಅಡಿ ಉದ್ದದ ಕಲ್ಲು ಅಲ್ಲಿ ಗ್ವಾಡ್ಯಾಗ ಕೂತೈತಿ. ಅಂಥಾ ಕಲ್ಲು ಬಂಡಿ ಮ್ಯಾಲೆ ಹೇರಿ ಎಳೆದ ಚಿತ್ರಾನೂ ಕೋಟಿ ಕಲ್ಲಿನಾಗ ಐತಿ. ಬಂಡಿ ಹೂಡಿದವನಿಗೆ ಅದನ್ನ ನೋಡಿದ್ರ ಆ ಭಾರ ಏನು ಅಂತ ತಿಳಿತೈತಿ. ಅದನ್ನ ಹೇಳಿ ಕಳಸ್ರಿ, ಗೈಡ್ ಬ್ಯಾಡ.

ಇನ್ನ ಮಾಡಬಾರದ ಕೆಲಸ. ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ.

ನದಿಗೆ ಇಳಸಬ್ಯಾಡ್ರಿ. ಕೃಷ್ಣಾದಾಗ ಮೊಸಳಿ ಅದಾವ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ರ ಹೂವಿನಹೆಡಗಿ ಸೇತುವೆ ಮುಳುಗಿದ್ದನ್ನ ನಾವೆಲ್ಲಾ ನೋಡೀವಿ. 2020ರ ಆಗಸ್ಟ್‌ನಾಗ ಕುರ್ವಕಲಾ ಹತ್ರ ತೆಪ್ಪ ಮುಳುಗಿ ಮಂದಿ ನೀರಪಾಲಾದ್ರು. ಲೈಫ್ ಜಾಕೆಟ್ ಇಲ್ಲದ ತೆಪ್ಪದಾಗ ಒಂದು ಫೋಟೋ ಸಲುವಾಗಿ ಯಾರ ಮಗುನೂ ಕೂಡಸಬ್ಯಾಡ್ರಿ. ಕಾಲುವಿ ದಂಡಿನೂ ಅಷ್ಟೇ. ಕಾಲುವಿ ನೀರು ಮ್ಯಾಲೆ ಸಪ್ಪಗ ಕಾಣತೈತಿ, ಒಳಗ ಎಳೀತೈತಿ, ಹಿಡಿಯಾಕ ದಂಡಿ ಸಿಗಂಗಿಲ್ಲ.

ಎಣ್ಣಿ ಹೊಡೆದ ಹತ್ತಿ ಹೊಲದಾಗ, ಮೆಣಸಿನಕಾಯಿ ಹೊಲದಾಗ ಮಂದಿ ಬಿಡಬ್ಯಾಡ್ರಿ. ಡಬ್ಬಿ ಮ್ಯಾಲೆ ಎಷ್ಟು ದಿನ ಬಿಡಬೇಕು ಅಂತ ಬರೆದಿರತೈತಿ, ಅಷ್ಟು ದಿನ ಬಿಟ್ಟೇ ಕರೀರಿ. ಖಾಲಿ ಡಬ್ಬಿ ಬದುವಿನಾಗ ಬಿದ್ದಿದ್ರ ಮೊದಲು ತಗೀರಿ. ಹೆಣ್ಮಕ್ಕಳು ಬರೋದಾದ್ರ ಶೌಚಾಲಯ ಇರಲೇಬೇಕು. ರೂಮು ಬ್ಯಾಡ ಅಂದೆ, ಇದು ಬ್ಯಾಡ ಅನ್ನಲಿಲ್ಲ. ಮೊದಲ ಖರ್ಚು ಅದಕ್ಕೇ ಮಾಡ್ರಿ.

ಇನ್ನೊಂದು ಮಾತು. ಹತ್ತಿ ಬಿಡಸೋ ಹೆಣ್ಮಕ್ಕಳು ನೋಡಾಕ ಇಟ್ಟ ಗೊಂಬಿ ಅಲ್ಲ. ಅವರನ್ನ ಕೇಳದ ಫೋಟೋ ತಗಿಯಂಗಿಲ್ಲ ಅಂತ ಬಂದವರಿಗೆ ಮೊದಲೇ ಹೇಳ್ರಿ. ರೊಟ್ಟಿ ಬಡಿದ ಅಕ್ಕನ ಕೂಲಿ ಅವತ್ತೇ ಸಂಜಿಗೆ ಅವಳ ಕೈಯಾಗ ಕೊಡ್ರಿ. ಬಂದವರ ಜೋಡಿ ಅವರೂ ಕೂತು ಉಣ್ಣಲಿ. ಚರಗದ ಊಟದಾಗ ಯಾರನ್ನೂ ದೂರ ಕೂಡಸಬಾರದು.

ಇಷ್ಟೆಲ್ಲಾ ಬರೆಯಾಕ ಕಾರಣ ಐತಿ. ನೀರಾವರಿ ಬಂದ ಮ್ಯಾಲೆ ನಮ್ಮ ಕಡೆ ಬಿಳಿ ಜೋಳ ಹಿಂದ ಸರದೈತಿ. ಭತ್ತ, ಹತ್ತಿ, ಮೆಣಸಿನಕಾಯಿ ಆಯ್ತು. ರೊಟ್ಟಿ ತಿನ್ನೋ ನಾವೇ ಜೋಳ ಕೊಂಡು ತರಾಕತ್ತೀವಿ, ದನಕ್ಕ ಸೊಪ್ಪಿ ಇಲ್ಲ. ಸೀತನಿ ತಿನ್ನಾಕ ಮಂದಿ ಬರ್ತಾರ ಅಂದ್ರ ಅರ್ಧ ಎಕರೆ ಆದ್ರೂ ಜೋಳ ಹೊಲದಾಗ ಉಳಿತೈತಿ. ತೆನಿ ಅವರಿಗೆ, ಉಳಿದ ಕಾಳು ನಮ್ಮ ಮನಿಗೆ, ಸೊಪ್ಪಿ ಎತ್ತಿಗೆ.

ಹಿಂಗಾರಿ ಬಿತ್ತಿಗಿ ಹತ್ರ ಬಂತು. ಮನಸ್ಸಿದ್ದವರು ರಸ್ತಾದ ಬಾಜೂಕ ಇರೋ ಹೊಲದಾಗ, ಗಿಡದ ನೆರಳು ಇರೋ ಕಡೆ ಅರ್ಧ ಎಕರೆ ಮಾಲದಂಡಿ ಹಾಕ್ರಿ. ಎಲ್ಲಾ ಒಂದೇ ದಿನ ಬಿತ್ತಬ್ಯಾಡ್ರಿ, ಎಂಟೆಂಟು ದಿನ ಬಿಟ್ಟು ಮೂರು ಸಲ ಬಿತ್ತಿದ್ರ ಸೀತನಿ ಮೂರು ವಾರ ಸಿಗತೈತಿ. ಒಬ್ಬರೇ ಮಾಡೋದಕ್ಕಿಂತ ಊರಾಗ ಮೂರು ಮನಿ ಕೂಡಿ ಮಾಡಿದ್ರ ಚಲೋ: ಒಬ್ಬರ ಹೊಲ, ಒಬ್ಬರ ಬಂಡಿ, ಒಬ್ಬರ ಅಡಿಗಿ. ಒಂದು ವರ್ಷ ನೋಡೋಣ. ರೂಮಿನ ಮಾತು ಆಮ್ಯಾಲೆ.

ನಿಮ್ಮ ಲೆಕ್ಕ ಬ್ಯಾರೆ ಇದ್ರ ಬರೀರಿ. ಯಾರು ಎಷ್ಟು ಜೋಳ ಬಿತ್ತಾಕತ್ತೀರಿ ಅನ್ನೋದನ್ನೂ ತಿಳಸ್ರಿ.