'ಕಳುವಾದರೆ ಆಡಳಿತ ಮಂಡಳಿ ಹೊಣೆಯಲ್ಲ' ಎಂಬ ಬೋರ್ಡ್ ಇದ್ದರೆ ಹೋಟೆಲ್ ಪಾರಾಗುತ್ತದೆಯೇ?

'ವಾಹನ ನಿಲ್ಲಿಸುವುದು ನಿಮ್ಮ ಸ್ವಂತ ಜವಾಬ್ದಾರಿ, ಕಳುವಾದರೆ ಆಡಳಿತ ಮಂಡಳಿ ಹೊಣೆಯಲ್ಲ' ಎಂಬ ಬೋರ್ಡನ್ನು ನಾವೆಲ್ಲ ನೋಡಿರುತ್ತೇವೆ. ಬೋರ್ಡ್ ಇದ್ದ ಮೇಲೆ ಕೇಳುವ ಹಕ್ಕೇ ಇಲ್ಲ ಎಂದು ಹಲವರು ಸುಮ್ಮನಾಗುತ್ತಾರೆ. ಇನ್ನೊಂದೆಡೆ, 'ಹೋಟೆಲ್ ಪಾರ್ಕಿಂಗ್‌ನಲ್ಲಿ ಕಾರು ಕಳುವಾದರೆ ಹೋಟೆಲಿನವರೇ ಪೂರ್ತಿ ಹಣ ಕೊಡಬೇಕು, ಸುಪ್ರೀಂ ಕೋರ್ಟ್ ಹೇಳಿದೆ' ಎಂಬ ಸಂದೇಶವನ್ನು ಕಣ್ಣುಮುಚ್ಚಿ ಫಾರ್ವರ್ಡ್ ಮಾಡುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

ಸುಪ್ರೀಂ ಕೋರ್ಟ್ ನಿಜಕ್ಕೂ ಏನು ಹೇಳಿದೆ?

1998ರ ಆಗಸ್ಟ್ 1ರ ರಾತ್ರಿ ಒಬ್ಬರು ತಮ್ಮ ಮಾರುತಿ ಜೆನ್ ಕಾರಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಹೋದರು. ಕಾರು ನಿಲ್ಲಿಸಲು ವ್ಯಾಲೆ ಸಿಬ್ಬಂದಿಗೆ ಕೀ ಕೊಟ್ಟು ಒಳಗೆ ಹೋದರು. ತಡರಾತ್ರಿ ಹೊರಬಂದಾಗ ಕಾರು ಇರಲಿಲ್ಲ. ತಮ್ಮ ಕಾರು ತೆಗೆದುಕೊಳ್ಳುವ ನೆಪದಲ್ಲಿ ಬಂದ ಯುವಕರಲ್ಲಿ ಒಬ್ಬ, ಡೆಸ್ಕ್ ಮೇಲಿದ್ದ ಇವರ ಕೀ ಎತ್ತಿಕೊಂಡು ಕಾರು ಓಡಿಸಿಕೊಂಡು ಹೋಗಿದ್ದ! ವಿಮಾ ಕಂಪನಿ ಮಾಲೀಕರಿಗೆ 2.8 ಲಕ್ಷ ರೂಪಾಯಿ ಕೊಟ್ಟು, ಆ ಹಣವನ್ನು ಹೋಟೆಲಿನಿಂದ ವಸೂಲಿ ಮಾಡಲು ಗ್ರಾಹಕರ ಆಯೋಗಕ್ಕೆ ಹೋಯಿತು. ಪಾರ್ಕಿಂಗ್ ಚೀಟಿಯಲ್ಲಿ 'ನಾವು ಹೊಣೆಯಲ್ಲ' ಎಂದು ಅಚ್ಚಾಗಿತ್ತು. ಹೋಟೆಲಿನ ವಾದಕ್ಕೆ ಅದೇ ಆಧಾರ.

ತೀರ್ಪು ಬಂದದ್ದು 2019ರ ನವೆಂಬರ್‌ನಲ್ಲಿ, ಅಂದರೆ 21 ವರ್ಷಗಳ ನಂತರ. ಹೋಟೆಲ್ ಸೋತಿತು. ಅಂದಹಾಗೆ, ತೀರ್ಪು ನೀಡಿದ ಪೀಠದಲ್ಲಿದ್ದವರು ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿ.

ಎಲ್ಲ ನಿಂತಿರುವುದು ಕೀ ಮೇಲೆ. ಕೀ ಕೊಟ್ಟಾಗ ಕಾರು ಹೋಟೆಲಿನ ವಶಕ್ಕೆ ಹೋಗುತ್ತದೆ. 1872ರ ಕರಾರು ಕಾಯ್ದೆಯಲ್ಲಿ ಇದಕ್ಕೆ 'ಬೇಲ್‌ಮೆಂಟ್' ಎನ್ನುತ್ತಾರೆ. ಇಸ್ತ್ರಿ ಅಂಗಡಿಗೆ ಬಟ್ಟೆ ಕೊಟ್ಟ ಹಾಗೆಯೇ: ವಶಕ್ಕೆ ಪಡೆದವರು ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು. ಕಾರು ಹಾಗೆ ಕಳುವಾದರೆ, ತನ್ನಿಂದ ನಿರ್ಲಕ್ಷ್ಯ ಆಗಿಲ್ಲ ಎಂದು ಹೋಟೆಲೇ ಸಾಬೀತು ಮಾಡಬೇಕು. ತನ್ನ ಸಿಬ್ಬಂದಿಯ ನಿರ್ಲಕ್ಷ್ಯವನ್ನು ಚೀಟಿಯ ಹಿಂದೆ ಮುಚ್ಚಿಡಲು ಬರುವುದಿಲ್ಲ. ವ್ಯಾಲೆ ಸೇವೆ ಉಚಿತ ಎಂಬ ಮಾತೂ ನಡೆಯಲಿಲ್ಲ. ಕಾಫಿಗೆ ನೂರಾರು ರೂಪಾಯಿ ತೆಗೆದುಕೊಳ್ಳುವ ಕಡೆ ಉಚಿತ ಎನ್ನುವುದೇ ತಮಾಷೆ ಎಂಬುದು ನಮ್ಮ ಅನಿಸಿಕೆ.

ಆದರೆ ಪ್ರತಿ ಕಳವಿಗೂ ಹೋಟೆಲ್ ಹಣ ಕಟ್ಟಲೇಬೇಕು ಎಂದು ಕೋರ್ಟ್ ಹೇಳಿಲ್ಲ. ತಕ್ಕ ಎಚ್ಚರ ವಹಿಸಿದ್ದನ್ನು ತೋರಿಸಿದರೆ ಹೋಟೆಲ್ ಪಾರಾಗಬಹುದು. ನೀವೇ ಕಾರು ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡಿದ್ದರೆ ವಾಹನ ಅವರ ವಶಕ್ಕೆ ಹೋಗಿದೆ ಎನ್ನುವುದು ಸಾಮಾನ್ಯವಾಗಿ ಕಷ್ಟ. ಇನ್ನು ದರ್ಶಿನಿಯ ಎದುರು ರಸ್ತೆಬದಿ ಬೈಕ್ ನಿಲ್ಲಿಸಿ ಇಡ್ಲಿ ತಿನ್ನಲು ಹೋದವರಿಗೆ ಈ ತೀರ್ಪು ಆಸರೆಯಲ್ಲ. ಕಾರಿನೊಳಗಿದ್ದ ಲ್ಯಾಪ್‌ಟಾಪ್, ಒಡವೆ ಹೋದರೆ ಅವು ಒಳಗಿದ್ದವು ಎಂದು ತೋರಿಸುವುದೇ ದೊಡ್ಡ ತಲೆನೋವು. ಅವನ್ನು ಬಿಟ್ಟು ಹೋಗದಿರುವುದೇ ಲೇಸು.

ಕೀ ಕೊಟ್ಟಾಗ ಚೀಟಿಯ ಫೋಟೊ ತೆಗೆದುಕೊಳ್ಳಿ, ವಾಹನ ಅವರ ವಶದಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕಳುವಾದರೆ ತಕ್ಷಣ ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸಿ, ಹೋಟೆಲಿಗೆ ಲಿಖಿತ ದೂರು ಕೊಡಿ. ಗ್ರಾಹಕರ ಆಯೋಗಕ್ಕೆ ಹೋಗಲು 2 ವರ್ಷ ಅವಕಾಶವಿದೆ. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.