ಸಾಲ ಕನ್ನಡಿಗನದು, ಷರತ್ತು ಇಂಗ್ಲಿಷಿನದು!

ವರದಹಳ್ಳಿ ಸುತ್ತಿನ ಮದುವೆ ಕಾಗದ, ಅಡಿಕೆ ಮಂಡಿಯ ಬಿಲ್ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ಕಾಗದದ ರೀಮಿಗೆ ಕೈಯಲ್ಲಿ ದುಡ್ಡಿಲ್ಲದಾಗ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ ಬಾಕಿ 80,000 ರೂಪಾಯಿ ಮುಟ್ಟಿತು. ಆಗ ಇನ್ನೊಂದು ಬ್ಯಾಂಕಿನಿಂದ ಫೋನು, ಅದೂ ಹಿಂದಿಯಲ್ಲಿ! 'ಬ್ಯಾಲೆನ್ಸ್ ಟ್ರಾನ್ಸ್‌ಫರ್' ಮಾಡಿಸಿ, ಮೂರು ತಿಂಗಳು ಬಡ್ಡಿಯೇ ಇಲ್ಲ ಎಂದರು. ಹಳೇ ಕಾರ್ಡಿನ ಬಾಕಿ ಅವರು ಕಟ್ಟುತ್ತಾರೆ, ನಾವು ಅವರ ಸಾಲಗಾರರಾಗುತ್ತೇವೆ, ಅಷ್ಟೇ.

ಮೂರು ತಿಂಗಳು ಬಡ್ಡಿ ಇರಲಿಲ್ಲ, ನಿಜ. ಆದರೆ ಮೊದಲ ಬಿಲ್ಲಿಗೇ ಶೇ. 2 ಶುಲ್ಕ 1,600, ಅದರ ಮೇಲೆ ಜಿಎಸ್‌ಟಿ 288. ಅದೇ ಕಾರ್ಡಿನಲ್ಲಿ ಇಂಕು ಕೊಂಡೆ. ಕೊಂಡ ದಿನದಿಂದಲೇ ಬಡ್ಡಿ! ತಂದ ಬಾಕಿ ತೀರುವವರೆಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲವಂತೆ. ನಾಲ್ಕನೇ ತಿಂಗಳು ಉಳಿದ 60,000ಕ್ಕೆ ಶೇ. 3.5ರಂತೆ 2,100, ಜಿಎಸ್‌ಟಿ 378. ವರ್ಷಕ್ಕೆ ಶೇ. 42! ಬ್ಯಾಂಕಿನಲ್ಲಿ ಹೆಂಡತಿಯ ಒಡವೆ ಅಡವಿಟ್ಟಿದ್ದರೆ ಇದರ ಮೂರನೇ ಒಂದು ಪಾಲೂ ಬಡ್ಡಿ ಆಗುತ್ತಿರಲಿಲ್ಲ.

ಇದೆಲ್ಲ ಷರತ್ತಿನ ಹಾಳೆಯಲ್ಲಿತ್ತು ಸ್ವಾಮಿ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಅರ್ಥವಾಗದೆ ಸಹಿ ಹಾಕಿದ್ದು ನನ್ನ ತಪ್ಪು, ಒಪ್ಪಿದೆ. ಪಿಯುಸಿ ಓದಿ, ಅಕ್ಷರ ಜೋಡಿಸಿಯೇ ಬದುಕುವ ನನ್ನ ಗತಿ ಇದಾದರೆ ತೋಟದ ಕೆಲಸದವರ ಪಾಡೇನು?

ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಬಡ್ಡಿ, ಶುಲ್ಕದ ವಿವರಪತ್ರ ಕೊಡಬೇಕು, ವಿವರಿಸಿಯೂ ಹೇಳಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು. ಭೇಷ್! ಆದರೆ ಅದೇ ಸುತ್ತೋಲೆಯಲ್ಲಿ ಕ್ರೆಡಿಟ್ ಕಾರ್ಡ್ ಬಾಕಿಗೆ ವಿನಾಯಿತಿ ಕೊಟ್ಟಿತು. ಕಾರ್ಡುಗಳ ಬಗೆಗಿನ 2022ರ ನಿರ್ದೇಶನದಲ್ಲೂ ಷರತ್ತುಗಳು ಸ್ಥಳೀಯ ಭಾಷೆಯಲ್ಲಿದ್ದರೆ ಮೇಲು ಎಂಬ ಧಾಟಿಯೇ ಹೊರತು ಕಡ್ಡಾಯವಿಲ್ಲ. ಮೇಲಂತೆ! ಶೇ. 30 ಮೀರಿದ ಬಡ್ಡಿ ಅನ್ಯಾಯವೆಂದಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಆ ಬೇಲಿಯೂ ಹೋಯಿತು.

ಅತ್ಯಂತ ದುಬಾರಿ ಸಾಲಕ್ಕೇ ಕನ್ನಡ ಬೇಡವೆಂದರೆ ಯಾರ ಅನುಕೂಲಕ್ಕೆ? ಆ ವಿನಾಯಿತಿ ಕಿತ್ತುಹಾಕಲಿ. ಅಲ್ಲಿಯವರೆಗೆ, ಯಾರಾದರೂ ಬಾಕಿ ವರ್ಗಾವಣೆಗೆ ಕರೆದರೆ ಶುಲ್ಕ ಎಷ್ಟು, ರಿಯಾಯಿತಿ ಮುಗಿದ ಮೇಲಿನ ಬಡ್ಡಿ ಎಷ್ಟು ಎಂದು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೇಳಿ.

ನಾನೂ ಶಾಖೆಗೆ ಹೋಗಿ ಕೇಳಿದೆ. "ಕನ್ನಡದ್ದು ಅಚ್ಚಾಗಿಲ್ಲ" ಎಂದರು. ನಾನೇ ಹಾಕಿಕೊಡುತ್ತೇನೆ ಸ್ವಾಮಿ, ಪುಕ್ಕಟೆ! ಕರಡು ಕಳಿಸಿ.