ಮಕ್ಕಳ ಮುಂದೆ ಯಾವ ಜಾದೂ?

ಪೆರ್ನಾಲ್ ದಿನ ಮನೆ ತುಂಬ ಮಕ್ಕಳು ಸೇರಿದಾಗ ಯಾರಾದರೊಬ್ಬ ಮಾಮ ನಾಣ್ಯ ನುಂಗಿದಂತೆ ಮಾಡಿ ಕಿವಿಯಿಂದ ತೆಗೆದು ತೋರಿಸುವುದುಂಟು. ದೊಡ್ಡವರಿಗೆ ಅದು ತಮಾಷೆ. ಮೂರು ವರ್ಷದ ಮಗುವಿಗೆ ಅದು ಪಾಠ: ನಾಣ್ಯ ನುಂಗಬಹುದು, ಕಿವಿಯಿಂದ ಹೊರಗೆ ಬರುತ್ತದೆ!

ನನ್ನ ಅಭಿಪ್ರಾಯ ಇಷ್ಟೇ. ನಾವು ಎದ್ದು ಹೋದ ಮೇಲೆ ಮಗು ತಾನೇ ಮಾಡಿ ನೋಡಿದರೂ ಅಪಾಯವಾಗದ ಆಟವನ್ನೇ ಆರಿಸಬೇಕು. 3 ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು 31.7 ಮಿ.ಮೀ. ಅಗಲದ ಕೊಳವೆಯಲ್ಲಿ ಹಾಕಿ ಪರೀಕ್ಷಿಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನಮ್ಮ 10 ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಮಾತ್ರ. ಬೆಂಕಿ, ಬ್ಲೇಡು, ಕುತ್ತಿಗೆಗೆ ಹಗ್ಗ ಬಿಗಿಯುವ ಆಟಗಳೂ ಬೇಡ. ಮಗುವಿನ ಪ್ರೀತಿಯ ಗೊಂಬೆಯನ್ನು ಮಾಯ ಮಾಡಿ ಅಳಿಸುವುದೂ ಬೇಡ.

ಅದರ ಬದಲು ದೊಡ್ಡ ಕರವಸ್ತ್ರ ಮಾಯವಾಗಲಿ. ಖಾಲಿ ಚಿತ್ರಪುಸ್ತಕದಲ್ಲಿ ಬಣ್ಣ ತುಂಬಲಿ. ಮಗುವೇ ‘ಉಫ್’ ಎಂದು ಊದಲಿ, ತನ್ನಿಂದಲೇ ಆಯಿತೆಂದು ನಗಲಿ.

ಇದು ಸಿಹ್ರ್ ಅಲ್ಲವೇ ಎಂದು ಹಿರಿಯರು ಕೇಳುವುದುಂಟು. ಕೇಳುವುದು ಸರಿಯೇ. ಇದು ಬರೀ ಕೈಚಳಕ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡೋಣ. ಹೇಳಿದರೂ ಅವರ ಬೆರಗು ಕಡಿಮೆಯಾಗುವುದಿಲ್ಲ.